ಮಗಳಿಗೆ ‘ಬೇಸಿಕ್’ ಸಾಕು ಅಂದವರು ಯಾರು?

2025ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಊಟ ಮುಗಿಸಿ, ಪಾತ್ರೆ ಸಿಂಕಿಗೆ ಹಾಕಿ, ಇನ್ನೇನು ಹತ್ತು ನಿಮಿಷ ಕಾಲು ಚಾಚೋಣ ಅಂದುಕೊಳ್ಳುವಷ್ಟರಲ್ಲಿ ಕಾಲಿಂಗ್ ಬೆಲ್. ಬಾಗಿಲು ತೆಗೆದರೆ ಮೇಲಿನ ಮನೆಯಾಕೆ. ಒಂದು ಕೈಯಲ್ಲಿ ಪುಟ್ಟ ಬಟ್ಟಲು, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ. ‘ಸ್ವಲ್ಪ ಹೆಪ್ಪಿಗೆ ಮೊಸರು ಕೊಡ್ರೀ. ಹಾಗೇ ಇದೊಂದು ನೋಡಿ ಹೇಳಿ, ನೀವು ಬಿ.ಕಾಂ. ಮಾಡಿದೀರಲ್ಲ...’

ಬಿ.ಕಾಂ. ಮಾಡಿದವರಿಗೆಲ್ಲ ಗಣಿತ ಗೊತ್ತಿರುತ್ತೆ ಅನ್ನೋದು ನಮ್ಮ ಅಪಾರ್ಟ್‌ಮೆಂಟಿನ ಮೂಢನಂಬಿಕೆಗಳಲ್ಲೊಂದು. ಇರಲಿ. ಕಾಗದ ಬಿಡಿಸಿ ನೋಡಿದೆ. ಹತ್ತನೇ ಕ್ಲಾಸಿನಲ್ಲಿ ಓದುತ್ತಿರುವ ಅವರ ಮಗಳ ಶಾಲೆಯಿಂದ ಬಂದ ಒಪ್ಪಿಗೆ ಪತ್ರ. ಗಣಿತ ಅಂತ ಬರೆದು ಎದುರಿಗೆ ಎರಡು ಚೌಕ. ಒಂದು ಸ್ಟ್ಯಾಂಡರ್ಡ್, ಇನ್ನೊಂದು ಬೇಸಿಕ್. ಒಂದಕ್ಕೆ ಗುರುತು ಹಾಕಿ ಪೋಷಕರು ಸಹಿ ಮಾಡಿ ನಾಳೆಯೇ ವಾಪಸ್ ಕಳಿಸಬೇಕು. ‘ಬೇಸಿಕ್’ ಅನ್ನೋ ಚೌಕದಲ್ಲಿ ಆಗಲೇ ಪೆನ್ಸಿಲಿನ ಸಣ್ಣ ಟಿಕ್ ಇತ್ತು.

‘ಇದ್ಯಾರು ಹಾಕಿದ್ದು?’ ಅಂದೆ.

‘ಮಿಸ್ ಹಾಕಿ ಕಳಿಸಿದಾರೆ. ಒಂಬತ್ತನೇ ಕ್ಲಾಸಲ್ಲಿ ಎಂಬತ್ತಕ್ಕೆ 41 ಬಂದಿತ್ತಲ್ಲ, ಅದಕ್ಕೆ. ಇವರೂ ಹಾಗೇ ಅಂದ್ರು. ಹುಡುಗಿ ತಾನೆ, ಬೇಸಿಕ್ ಸಾಕು ಬಿಡು ಅಂತ.’

ನಾನು ಸುಮ್ಮನಿರಬಹುದಿತ್ತು. ಹೆಪ್ಪು ಕೊಟ್ಟು ಕಳಿಸಬಹುದಿತ್ತು. ಆದರೆ ಅವರ ಮಗ ಎರಡು ವರ್ಷದ ಹಿಂದೆ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಗಣಿತದಲ್ಲಿ 38 ತೆಗೆದಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ದಿನ ಮೇಲಿನ ಮನೆಯಿಂದ ಬಂದ ಸದ್ದು ಇಡೀ ಕಟ್ಟಡಕ್ಕೇ ನೆನಪಿದೆ! ಅವನಿಗೆ ಆಗ ಸ್ಟ್ಯಾಂಡರ್ಡ್‌ಗೇ ಟಿಕ್ ಬಿತ್ತು, ಜೊತೆಗೆ ವಾರಕ್ಕೆ ನಾಲ್ಕು ದಿನ ಟ್ಯೂಷನ್ನೂ ಬಂತು. ಅಣ್ಣನಿಗಿಂತ ಮೂರು ಮಾರ್ಕ್ಸ್ ಜಾಸ್ತಿ ತಗೊಂಡ ತಂಗಿಗೆ ಬೇಸಿಕ್. ಇದು ಯಾವ ಲೆಕ್ಕ ನೀವೇ ಹೇಳಿ.

‘ಅವಳನ್ನ ಕೇಳಿದ್ರಾ?’ ಅಂದೆ. ಆಕೆ ನನ್ನ ಮುಖ ನೋಡಿದ್ರು. ‘ಅವಳನ್ನ ಏನ್ ಕೇಳೋದು?’

ಏನಿದು ಬೇಸಿಕ್, ಸ್ಟ್ಯಾಂಡರ್ಡ್?

ಮಕ್ಕಳು ಇನ್ನೂ ಚಿಕ್ಕವರಿರೋ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಇದು ಸಿಬಿಎಸ್‌ಇ ಶಾಲೆಗಳ ವಿಷಯ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಹೀಗೆ ಎರಡು ಗಣಿತ ಇಲ್ಲ. ಅಲ್ಲಿ ದಾರಿ ಕವಲೊಡೆಯೋದು ಪಿಯುಸಿಗೆ ಸೇರುವಾಗ. ಪಿಸಿಎಂಬಿ, ಪಿಸಿಎಂಸಿ ಅಂತ ವಿಜ್ಞಾನಕ್ಕೆ ಹೋದವರಿಗೆ ಪೂರ್ತಿ ಗಣಿತ ಇರುತ್ತೆ. ಕಾಮರ್ಸ್‌ನವರು ಬೇಕಾದ್ರೆ ‘ಬೇಸಿಕ್ ಮ್ಯಾಥ್ಸ್’ ತಗೋಬಹುದು, ಬೇಡಾಂದ್ರೆ ಬಿಡಬಹುದು. ಸಿಬಿಎಸ್‌ಇಯಲ್ಲಿ ಆ ಕವಲು ಅದಕ್ಕೂ ಮೊದಲೇ, ಹತ್ತನೇ ತರಗತಿಯ ಪರೀಕ್ಷೆಯ ಹೊಸ್ತಿಲಲ್ಲೇ ಬಂದುಬಿಡುತ್ತೆ.

2019ರಲ್ಲಿ ಘೋಷಿಸಿ, 2020ರ ಬೋರ್ಡ್ ಪರೀಕ್ಷೆಯಿಂದ ಜಾರಿಗೆ ತಂದ ಪದ್ಧತಿ ಇದು. ಉದ್ದೇಶ ಕೆಟ್ಟದ್ದೇನಲ್ಲ. ಮುಂದೆ ಗಣಿತ ಓದೋದೇ ಬೇಡ ಅನ್ನೋ ಮಕ್ಕಳಿಗೆ ಪರೀಕ್ಷೆಯ ಭಯ ಕಮ್ಮಿಯಾಗಲಿ ಅಂತ. ಆದ್ರೆ ಬಹಳಷ್ಟು ತಾಯಂದಿರು, ನಾನೂ ಸೇರಿ, ತಪ್ಪು ತಿಳಿದಿರೋದು ಒಂದು ಕಡೆ. ಬೇಸಿಕ್ ಅಂದ್ರೆ ಪಾಠ ಕಮ್ಮಿ, ಪುಸ್ತಕ ತೆಳ್ಳಗೆ ಅಂತ ಅಂದ್ಕೊಂಡಿದ್ದೀವಿ. ಖಂಡಿತ ಅಲ್ಲ. ಪುಸ್ತಕ ಒಂದೇ, ಪಾಠ ಒಂದೇ, ಕ್ಲಾಸ್ ರೂಮ್ ಒಂದೇ, ಶಾಲೆಯವರು ಕೊಡೋ 20 ಆಂತರಿಕ ಅಂಕಗಳ ಕ್ರಮವೂ ಒಂದೇ. ಬೇರೆಯಾಗೋದು ಕೊನೆಯ 80 ಅಂಕದ ಪ್ರಶ್ನೆಪತ್ರಿಕೆ ಮಾತ್ರ.

ಆ ಪತ್ರಿಕೆಯಲ್ಲಿ ಏನು ಬೇರೆ? ಇತ್ತೀಚಿನ ವರ್ಷಗಳ ವಿನ್ಯಾಸ ನೋಡಿದ್ರೆ, ಬೇಸಿಕ್‌ನಲ್ಲಿ 80ಕ್ಕೆ 60 ಅಂಕ ನೆನಪು ಮತ್ತು ತಿಳಿವಳಿಕೆಯ ಪ್ರಶ್ನೆಗಳಿಗೆ ಮೀಸಲು. ಸೂತ್ರ ಗೊತ್ತಿದ್ರೆ, ನೇರವಾಗಿ ಹಾಕಿ ಉತ್ತರ ತೆಗೀಬಹುದು. ಸ್ಟ್ಯಾಂಡರ್ಡ್‌ನಲ್ಲಿ ಅಂಥವು 43 ಅಂಕಕ್ಕೆ ಮಾತ್ರ. ಉಳಿದ 37 ಅಂಕಕ್ಕೆ, ಯಾವ ಸೂತ್ರ ಎಲ್ಲಿ ಹಾಕ್ಬೇಕು ಅಂತ ಮಗುವೇ ಕೂತು ಯೋಚಿಸಬೇಕು. ಅಂದ್ರೆ ವರ್ಷವಿಡೀ ಅಡುಗೆ ಕಲಿಯೋದು ಇಬ್ಬರೂ ಒಂದೇ ಥರ. ಪರೀಕ್ಷೆಯ ದಿನ ಒಬ್ಬಳಿಗೆ ‘ಈ ಪುಸ್ತಕ ನೋಡಿಕೊಂಡಂತೆ ಪಲ್ಯ ಮಾಡು’ ಅಂತಾರೆ, ಇನ್ನೊಬ್ಬಳಿಗೆ ‘ಡಬ್ಬದಲ್ಲಿ ಇಷ್ಟಿದೆ, ಮನೆಗೆ ಆರು ಜನ ಬಂದಿದ್ದಾರೆ, ಏನಾದ್ರೂ ಮಾಡು’ ಅಂತಾರೆ.

ಯೋಚನೆ ಮಾಡೋ ಅಂಕಗಳನ್ನ ಮಗಳಿಗೆ ಬೇಡ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಡೋದು ನನಗೆ ಸರಿ ಕಾಣಲ್ಲ.

ಮುಚ್ಚೋ ಬಾಗಿಲು, ತೆರೆಯೋ ಬಾಗಿಲು

ಅಂಕಪಟ್ಟಿಯಲ್ಲಿ ಯಾವ ಗಣಿತ ಅನ್ನೋದು ನಮೂದಾಗಿರುತ್ತೆ. ಈ ಪದ್ಧತಿ ಶುರುವಾದಾಗ ನಿಯಮ ಬಿಗಿಯಾಗಿತ್ತು. ಬೇಸಿಕ್ ಬರೆದವರಿಗೆ ಹನ್ನೊಂದನೇ ತರಗತಿಯಲ್ಲಿ ಗಣಿತ ಇಲ್ಲ. ಬೇಕೇ ಬೇಕು ಅಂದ್ರೆ ಪೂರಕ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಬರೆದು ಪಾಸಾಗಬೇಕಿತ್ತು. 2020ರಲ್ಲಿ ಕೋವಿಡ್ ಬಂತು, ಸಡಿಲಿಕೆ ಕೊಟ್ಟರು. ಆಮೇಲಿನ ವರ್ಷಗಳಲ್ಲೂ ಸಡಿಲಿಕೆ ಮುಂದುವರೀತು, ಮಗುವಿಗೆ ಗಣಿತ ಓದೋ ಸಾಮರ್ಥ್ಯ ಇದೆ ಅಂತ ಶಾಲೆಯ ಮುಖ್ಯಸ್ಥರಿಗೆ ಮನವರಿಕೆಯಾದ್ರೆ ಸೀಟು ಕೊಡಬಹುದು ಅಂತ. ‘ಕೊಡಬಹುದು’ ಅನ್ನೋ ಪದ ಗಮನಿಸಿ. ಕೊಡಲೇಬೇಕು ಅಂತಿಲ್ಲ. ಜೂನ್ ತಿಂಗಳಲ್ಲಿ ಸೀಟಿಗಾಗಿ ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಆ ಎರಡು ಪದಗಳ ನಡುವಿನ ಅಂತರ ಗೊತ್ತಿರುತ್ತೆ. ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗ್ತಾನೇ ಇರೋದ್ರಿಂದ, ನಿಮ್ಮ ಮಗು ಪರೀಕ್ಷೆ ಬರೆಯೋ ವರ್ಷದ ಸುತ್ತೋಲೆಯನ್ನ ಶಾಲೆಯಲ್ಲಿ ಕೇಳಿ ಪಡೆದು ಓದಿ. ಬಾಯಿಮಾತು ನಂಬಬೇಡಿ. ವಾಟ್ಸ್‌ಆಪ್ ಗ್ರೂಪಿನ ಫಾರ್ವರ್ಡ್ ಅಂತೂ ಬೇಡವೇ ಬೇಡ.

ಇನ್ನೊಂದು ದಾರಿ ಇದೆ, ಅದನ್ನೂ ಹೇಳಿಬಿಡ್ತೀನಿ. ಸಿಬಿಎಸ್‌ಇ 2020–21ರಲ್ಲಿ ಹನ್ನೊಂದನೇ ತರಗತಿಗೆ ‘ಅಪ್ಲೈಡ್ ಮ್ಯಾಥಮ್ಯಾಟಿಕ್ಸ್’ ಅಂತ ಬೇರೆ ವಿಷಯ ತಂತು. ಬಡ್ಡಿ, ಷೇರು, ಅಂಕಿಅಂಶ ಅಂತ ಕಾಮರ್ಸ್ ಮತ್ತು ಸಮಾಜ ವಿಜ್ಞಾನದ ಮಕ್ಕಳಿಗೆ ಉಪಯೋಗವಾಗೋ ಗಣಿತ. ಇದು ಒಳ್ಳೇದೇ. ‘ವ್ಯವಹಾರ ಗಣಿತ’ ಅಂತ ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಪುಸ್ತಕ ಬರೆದಿಟ್ಟ ನಾಡು ನಮ್ಮದು. ವ್ಯವಹಾರದ ಲೆಕ್ಕ ಕೀಳು ಅಂತ ಯಾರೂ ಹೇಳೋ ಹಾಗಿಲ್ಲ. ಆದ್ರೆ ಅದು ಎಂಜಿನಿಯರಿಂಗಿಗೆ ಅಂತ ಮಾಡಿದ ವಿಷಯ ಅಲ್ಲ, ಅಷ್ಟು ಗೊತ್ತಿರಲಿ.

ಸರಿ, ಹನ್ನೊಂದು–ಹನ್ನೆರಡರಲ್ಲಿ ಗಣಿತ ಇಲ್ಲದಿದ್ರೆ ಏನಾಗುತ್ತೆ? ಡಾಕ್ಟರ್ ಆಗೋಕೆ ಏನೂ ತೊಂದರೆ ಇಲ್ಲ, ನೀಟ್ ಪರೀಕ್ಷೆಗೆ ಗಣಿತ ಬೇಡ. ಲಾಗೆ ಬೇಡ, ಬಿ.ಎ.ಗೆ ಬೇಡ. ಎಂಜಿನಿಯರಿಂಗಿಗೆ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆರ್ಕಿಟೆಕ್ಟ್ ಆಗೋಕೂ ಬೇಕು ಅನ್ನೋದು ಹಲವರಿಗೆ ಗೊತ್ತಿಲ್ಲ. ಚಿತ್ರ ಚೆನ್ನಾಗಿ ಬರೀತಾಳೆ, ಆರ್ಕಿಟೆಕ್ಚರ್ ಮಾಡಿಸೋಣ ಅಂತ ಕನಸು ಕಾಣೋ ಅಮ್ಮಂದಿರೇ, ಗಮನಿಸಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್ ಓದಬೇಕಾದ್ರೂ ಹನ್ನೆರಡರಲ್ಲಿ ಗಣಿತ ಇರಬೇಕು.

ಮತ್ತೆ ಸೇನೆ. ಇದನ್ನ ನಾನು ಸುಮ್ಮನೆ ಹೇಳ್ತಿಲ್ಲ, ಕಾರಣ ಇದೆ. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಎನ್‌ಡಿಎ ಪರೀಕ್ಷೆಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೀತು. 2022ರಲ್ಲಿ ಸೇರಿದ ಮೊದಲ ತಂಡದ ಹುಡುಗಿಯರಲ್ಲಿ 17 ಜನ 2025ರ ಮೇ ತಿಂಗಳಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಪರೇಡ್ ಮಾಡಿ ಹೊರಬಂದರು. ಆ ದಿನ ಟಿವಿಯಲ್ಲಿ ನೋಡಿದ್ದೀರಿ ಅಲ್ವಾ? ಆ ಪರೀಕ್ಷೆಯ ಲಿಖಿತ ಭಾಗದ 900 ಅಂಕದಲ್ಲಿ 300 ಗಣಿತದ್ದೇ. ವಾಯುಪಡೆ, ನೌಕಾಪಡೆಗೆ ಹೋಗಬೇಕಾದ್ರೆ ಹನ್ನೆರಡರಲ್ಲಿ ಭೌತಶಾಸ್ತ್ರದ ಜೊತೆ ಗಣಿತ ಓದಿರಲೇಬೇಕು.

ನಾನು ಮೇಲಿನ ಮನೆಯಾಕೆಗೆ ಇದನ್ನೆಲ್ಲ ಹೇಳ್ತಾ ಇರುವಾಗಲೇ ಹುಡುಗಿ ಶಾಲೆಯಿಂದ ಬಂದಳು. ಮನೆ ಬೀಗ ಹಾಕಿದೆ ಅಂತ ಇಲ್ಲಿಗೇ ಬಂದು ಬ್ಯಾಗ್ ಎಸೆದು ಕೂತಳು. ಎನ್‌ಡಿಎ ಅನ್ನೋ ಪದ ಕಿವಿಗೆ ಬಿದ್ದಿದ್ದೇ ತಡ, ‘ಅಮ್ಮ ಹೇಳಿದ್ಲಾ ಆಂಟಿ? ನಾನು ಆ ಪರೇಡ್ ವಿಡಿಯೋ ಫೋನಲ್ಲಿ ಇಟ್ಕೊಂಡಿದೀನಿ!’ ಅಂದಳು.

ಅಮ್ಮ ಹೇಳಿರಲಿಲ್ಲ. ಅಮ್ಮನಿಗೆ ಗೊತ್ತೇ ಇರಲಿಲ್ಲ.

41 ಎಲ್ಲಿಂದ ಬಂತು?

‘ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆ ಇದ್ಯೇನೇ?’ ಅಂದೆ. ಇತ್ತು. ಮೇಲಿಂದ ತಂದಳು. ಮೂರೂ ಜನ ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು ಕೂತೆವು. ನಾನೇನು ಗಣಿತದ ಪಂಡಿತೆ ಅಲ್ಲ. ಆದ್ರೆ ತಿಂಗಳ ಕೊನೆಯಲ್ಲಿ ದುಡ್ಡು ಎಲ್ಲಿ ಹೋಯ್ತು ಅಂತ ಹುಡುಕೋದು ನಮಗೆಲ್ಲ ಗೊತ್ತಿರೋ ವಿದ್ಯೆ ತಾನೆ? ಹಾಗೇ ಹೋದ ಮಾರ್ಕ್ಸ್ ಎಲ್ಲಿ ಹೋಯ್ತು ಅಂತ ಹುಡುಕಿದೆವು. ಹೋಗಿದ್ದು 39. ಮಗಳ ಕೈಗೇ ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕಾರಣ ಬರೆಯೋಕೆ ಹೇಳಿದೆ.

ನಿಜಕ್ಕೂ ಅರ್ಥವೇ ಆಗದೆ ಬಿಟ್ಟದ್ದು ಹತ್ತು ಅಂಕದ್ದು. ರೇಖಾಗಣಿತದ ಸಾಧನೆಗಳು. ಟೈಮ್ ಸಾಲದೆ ಮುಟ್ಟದೇ ಬಿಟ್ಟದ್ದು ಎಂಟು ಅಂಕದ್ದು. ಉಳಿದ 21 ಅಂಕ? ಅದು ಒಂಬತ್ತನೇ ಕ್ಲಾಸಿನ ಗಣಿತದಲ್ಲಿ ಹೋಗಿದ್ದೇ ಅಲ್ಲ. ಆರು, ಏಳು, ಎಂಟನೇ ಕ್ಲಾಸಿನ ಗಣಿತದಲ್ಲಿ ಹೋಗಿತ್ತು.

ತ್ರಿಭುಜದ ಮೂರು ಬದಿ ಕೊಟ್ಟು ವಿಸ್ತೀರ್ಣ ಕೇಳಿದ್ದರು. ಬದಿಗಳು 13, 14, 15. ಹೆರಾನ್ ಸೂತ್ರ ಸರಿಯಾಗಿ ಬರೆದಿದ್ದಾಳೆ. ಬದಿಗಳ ಮೊತ್ತ 42, ಅದರ ಅರ್ಧ 21 ಹಾಕಬೇಕಿತ್ತು. ಅವಸರದಲ್ಲಿ 42ನ್ನೇ ಹಾಕಿದ್ದಾಳೆ. 84 ಬರಬೇಕಾದ ಕಡೆ ಇನ್ನೇನೋ ಬಂದಿದೆ. ಇದಕ್ಕೆ ಬುದ್ಧಿ ಕಮ್ಮಿ ಅಂತೀರಾ?

ಇನ್ನೊಂದು ಲೆಕ್ಕದ ಮಧ್ಯೆ ಒಂದು ಸಾಲು ಬರುತ್ತೆ. 3ಎಕ್ಸ್ − 2(ಎಕ್ಸ್ − 4) = 58. ಅವಳು ಆವರಣ ಬಿಡಿಸಿ 3ಎಕ್ಸ್ − 2ಎಕ್ಸ್ − 8 ಅಂತ ಬರೆದಿದ್ದಾಳೆ. ಉತ್ತರ 66 ಬಂದಿದೆ. ಅಲ್ಲಿ ಕಳೆಯೋ ಎಂಟಲ್ಲ, ಕೂಡಿಸೋ ಎಂಟು ಬರಬೇಕಿತ್ತು. ‘ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಗೊತ್ತು ಆಂಟಿ, ಆದ್ರೆ ಮರ್ತುಹೋಗುತ್ತೆ’ ಅಂದಳು. ಮರೀದೇ ಇನ್ನೇನು? ಯಾಕೆ ಅಂತ ಯಾರೂ ಹೇಳದಿದ್ರೆ ಮಂತ್ರ ಮರೆತೇ ಹೋಗುತ್ತೆ.

ನನಗೆ ತೋಚಿದ ಹಾಗೆ ಹೇಳಿದೆ. ‘ನೀನು ಮೂರು ಬ್ಲೌಸ್ ಪೀಸ್ ಪೂರ್ತಿ ಬೆಲೆಗೆ ತಂದೆ. ಮನೆಗೆ ಬಂದು ನೋಡಿ ಎರಡನ್ನ ವಾಪಸ್ ಮಾಡಿದೆ. ಅಂಗಡಿಯವನು ಒಂದೊಂದಕ್ಕೂ ನಾಲ್ಕು ರೂಪಾಯಿ ಹಿಡ್ಕೊಂಡು ಉಳಿದದ್ದು ಕೊಟ್ಟ. ನಿನ್ನ ಕೈಯಿಂದ ಹೋದ ದುಡ್ಡು ಎಷ್ಟು?’ ಒಂದು ಕ್ಷಣ ಯೋಚಿಸಿ, ‘ಒಂದು ಪೀಸಿನ ದುಡ್ಡು, ಮೇಲೆ ಎಂಟು ರೂಪಾಯಿ ಲಾಸ್’ ಅಂದಳು. ‘ಹೋದದ್ದು ಒಟ್ಟು 58 ಅಂದ್ರೆ ಪೀಸಿನ ಬೆಲೆ?’ ‘ಐವತ್ತು.’ ಆಮೇಲೆ ತನ್ನ ಪತ್ರಿಕೆ ಕಡೆ ನೋಡಿದಳು, ಆ ಆವರಣದ ಕಡೆ ನೋಡಿದಳು. ‘ಓ...’ ಅಂದಳು ನೋಡಿ, ಆ ‘ಓ’ ಕೇಳೋಕೇ ನನಗೆ ಖುಷಿ.

ಅದಕ್ಕಿಂತ ಮಜಾ ಇನ್ನೊಂದು. ಎಕ್ಸ್‌ನ ಅರ್ಧಕ್ಕೆ ಎಕ್ಸ್‌ನ ಕಾಲು ಕೂಡಿಸಬೇಕು. ಅವಳು ಮೇಲಿನವೆರಡನ್ನ ಕೂಡಿಸಿ, ಕೆಳಗಿನವೆರಡನ್ನೂ ಕೂಡಿಸಿ, ‘ಟೂ ಎಕ್ಸ್ ಬೈ ಸಿಕ್ಸ್’ ಅಂತ ಬರೆದಿದ್ದಳು. ಅಂದ್ರೆ ಮೂರರಲ್ಲೊಂದು ಪಾಲು. ಅರ್ಧಕ್ಕೆ ಕಾಲು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಆಗೋದು ಹೇಗೆ? ‘ಅರ್ಧ ಲೋಟ ಹಾಲಿಗೆ ಕಾಲು ಲೋಟ ಹಾಲು ಹಾಕಿದ್ರೆ ಎಷ್ಟೇ?’ ಅಂತ ಕನ್ನಡದಲ್ಲಿ ಕೇಳಿದೆ. ‘ಮುಕ್ಕಾಲು. ಇದನ್ನ ಯಾರು ಕೇಳ್ತಾರೆ?’ ಅಂದಳು. ‘ನಿನ್ನ ಪೇಪರಿನಲ್ಲಿ ಕೇಳಿದಾರೆ ನೋಡು’ ಅಂದೆ. ಬಾಯಲ್ಲಿ ಮುಕ್ಕಾಲು ಅನ್ನೋ ಹುಡುಗಿ, ಕಾಗದದ ಮೇಲೆ ಮೂರರಲ್ಲೊಂದು ಅಂತ ಬರೀತಾಳೆ. ಮನೆಯ ಕನ್ನಡಕ್ಕೂ ಶಾಲೆಯ ಇಂಗ್ಲಿಷ್ ಗಣಿತಕ್ಕೂ ನಡುವೆ ಸೇತುವೆ ಕಟ್ಟೋರು ಯಾರೂ ಇಲ್ಲ, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದ್ರೆ, ಹತ್ತನೇ ಕ್ಲಾಸಿನ ಗಣಿತದ ಕಷ್ಟ ಹತ್ತನೇ ಕ್ಲಾಸಿನದ್ದಲ್ಲ. ಭಿನ್ನರಾಶಿ, ಸೊನ್ನೆಗಿಂತ ಕೆಳಗಿನ ಸಂಖ್ಯೆ, ಅಂಕಿಯ ಜಾಗದಲ್ಲಿ ಅಕ್ಷರ. ಈ ಮೂರೂ ಮಾಧ್ಯಮಿಕ ತರಗತಿಗಳಲ್ಲಿ, ಮಗು ಹನ್ನೊಂದು–ಹನ್ನೆರಡು ವರ್ಷದವಳಿರುವಾಗ ಬರುತ್ತವೆ. ಆಗ ನಾವೆಲ್ಲ ‘ಇನ್ನೂ ಸಣ್ಣ ಕ್ಲಾಸು’ ಅಂತ ಭರತನಾಟ್ಯ, ಡ್ರಾಯಿಂಗ್, ಕರಾಟೆ ಅಂತ ಓಡಾಡಿಸ್ತಾ ಇರ್ತೀವಿ. ಹತ್ತಕ್ಕೆ ಬಂದಾಗ ದಿಢೀರನೆ ಟ್ಯೂಷನ್ ನೆನಪಾಗುತ್ತೆ. ನಿಮ್ಮ ಮಗಳು ಆರು–ಏಳರಲ್ಲಿದ್ರೆ ನೀವು ಅದೃಷ್ಟವಂತರು. ಎನ್‌ಸಿಇಆರ್‌ಟಿಯವರು ಆರನೇ ತರಗತಿಗೆ 2024ರಲ್ಲಿ, ಏಳು–ಎಂಟಕ್ಕೆ 2025ರಲ್ಲಿ ‘ಗಣಿತ ಪ್ರಕಾಶ್’ ಅನ್ನೋ ಹೊಸ ಪುಸ್ತಕಗಳನ್ನ ತಂದಿದ್ದಾರೆ. ಸುಮ್ಮನೆ ತಿರುವಿ ಹಾಕಿ. ಆರನೇ ತರಗತಿಯ ಪುಸ್ತಕದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನ ಲಿಫ್ಟ್ ಇರೋ ಕಟ್ಟಡದ ಮೂಲಕ ಹೇಳಿದ್ದಾರೆ. ನಮ್ಮ ಬೇಸ್‌ಮೆಂಟ್ ಪಾರ್ಕಿಂಗಿಗೆ ಲಿಫ್ಟಲ್ಲಿ ಮೈನಸ್ ಒಂದು ಒತ್ತಲ್ವಾ, ಅದೇ! ದಿನಾ ಇಳಿದು ಹತ್ತೋ ಲೆಕ್ಕ.

‘ನನಗೂ ಬರ್ತಿರ್ಲಿಲ್ಲ ಬಿಡೆ’

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಗಣಿತದ ಟೆಸ್ಟಲ್ಲಿ ಕಮ್ಮಿ ತಗೊಂಡು ಅಳ್ತಾ ಬಂದಿದ್ದಳು. ಸಮಾಧಾನ ಮಾಡೋಕೆ ಅಂತ ನಾನು ಅಂದದ್ದು, ‘ಅಳಬೇಡ್ವೇ, ನನಗೂ ಲೆಕ್ಕ ಬರ್ತಿರ್ಲಿಲ್ಲ, ಇದು ನಮ್ಮ ವಂಶದಲ್ಲೇ ಇಲ್ಲ.’ ಪ್ರೀತಿಯಿಂದ್ಲೇ ಅಂದದ್ದು. ಅವಳು ಕಣ್ಣೊರೆಸಿಕೊಂಡು ಆಡೋಕೆ ಹೋದಳು. ಆಮೇಲೆ ಪ್ರತಿ ಸಲ ಕಮ್ಮಿ ಬಂದಾಗಲೂ ‘ನಮ್ಮ ವಂಶದಲ್ಲೇ ಇಲ್ಲ’ ಅಂತ ಅವಳೇ ಹೇಳೋಕೆ ಶುರು ಮಾಡಿದಳು. ಪಿಯುಸಿಗೆ ಬರುವಾಗ ಗಣಿತ ಇಲ್ಲದ ಕಾಂಬಿನೇಷನ್ನೇ ಹುಡುಕಿದಳು. ಈಗ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ, ದೇವರ ದಯೆ. ಆದ್ರೆ ಆಫೀಸಿನ ಕೆಲಸಕ್ಕೆ ಅಂಕಿಅಂಶ ಕಲೀಬೇಕು ಅಂತ ಹೋದ ವರ್ಷ ಆನ್‌ಲೈನ್ ಕೋರ್ಸ್ ಸೇರಿ, ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ, ‘ಅಮ್ಮಾ, ಇದು ಇಷ್ಟು ಸುಲಭ ಅಂತ ಆಗ ಯಾಕೆ ಯಾರೂ ಹೇಳ್ಲಿಲ್ಲ?’ ಅಂದಾಗ ನನಗೆ ಮಾತೇ ಹೊರಡಲಿಲ್ಲ.

ಇದು ನನ್ನೊಬ್ಬಳ ಕಥೆ ಅಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಒಂದು, ಎರಡನೇ ತರಗತಿಯ ಮಕ್ಕಳ ಮೇಲೆ ಮಾಡಿದ್ದು. ಗಣಿತ ಕಂಡ್ರೆ ಹೆದರೋ ಅಪ್ಪ–ಅಮ್ಮ ಪದೇ ಪದೇ ಹೋಂವರ್ಕ್ ಮಾಡಿಸೋಕೆ ಕೂತರೆ, ಆ ಮಕ್ಕಳು ವರ್ಷದ ಕೊನೆಗೆ ಗಣಿತ ಕಲಿತದ್ದು ಕಮ್ಮಿಯಂತೆ. ಹೆದರಿಕೆ ಶೀತದ ಹಾಗೆ, ಪಕ್ಕದಲ್ಲಿ ಕೂತರೇ ಅಂಟುತ್ತೆ! ಹಾಗಂತ ನಮಗೆ ಲೆಕ್ಕ ಬರಲ್ಲ, ನಾವು ದೂರ ಇರ್ತೀವಿ ಅನ್ನಬೇಡಿ. ನೀವು ಹೇಳಿಕೊಡೋಕೆ ಕೂರಬೇಡಿ, ಕೇಳಿಸಿಕೊಳ್ಳೋಕೆ ಕೂರಿ. ‘ನನಗೆ ಗೊತ್ತಿಲ್ಲ, ನೀನು ಹೇಳು’ ಅನ್ನಿ. ಸೊಪ್ಪು ಬಿಡಿಸ್ತಾ ಕೇಳಿ. ಅವಳು ನಿಮಗೆ ಅರ್ಥ ಮಾಡಿಸೋಕೆ ಹೋಗಿ ಎಲ್ಲಿ ತಡವರಿಸ್ತಾಳೋ, ರಂಧ್ರ ಇರೋದು ಅಲ್ಲೇ.

ಇನ್ನು ನಮ್ಮಮ್ಮನ ಕಾಲ. ಅವರು ಓದಿದ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಐಚ್ಛಿಕ ಗಣಿತ ಹೇಳಿಕೊಡೋ ಮೇಷ್ಟ್ರೇ ಇರಲಿಲ್ಲವಂತೆ. ಬೇಕಿದ್ದವರೂ ಹೊಲಿಗೆ, ಅಡುಗೆ ಇರೋ ಗೃಹವಿಜ್ಞಾನವನ್ನೇ ತಗೋಬೇಕಿತ್ತಂತೆ. ಅದು ಆಗಿನ ವಾಡಿಕೆ. ಹುಡುಗರಿಗೊಂದು, ಹುಡುಗಿಯರಿಗೊಂದು ಪಠ್ಯ ಬೇಕಾ ಅಂತ ನೋಡೋಕೆ 1960ರ ದಶಕದ ಮೊದಲಲ್ಲಿ ಹಂಸಾ ಮೆಹ್ತಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದ್ದರು. ಮಾನವ ಹಕ್ಕುಗಳ ವಿಶ್ವ ಘೋಷಣೆಯಲ್ಲಿ ‘ಎಲ್ಲ ಪುರುಷರು’ ಅಂತ ಇದ್ದದ್ದನ್ನ ‘ಎಲ್ಲ ಮನುಷ್ಯರು’ ಅಂತ ಬದಲಿಸೋಕೆ ಕಾರಣರಾದ ಹೆಣ್ಣುಮಗಳು ಇವರೇ. ಶಾಲೆಯ ಹಂತದಲ್ಲಿ ಹೆಣ್ಣು–ಗಂಡು ಅಂತ ಪಾಠ ಬೇರೆ ಮಾಡೋದು ಬೇಡ ಅಂತ ಆ ಸಮಿತಿ ಹೇಳಿತು. 1964–66ರ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ಮೊದಲ ಹತ್ತು ವರ್ಷ ಗಣಿತ, ವಿಜ್ಞಾನ ಎಲ್ಲ ಮಕ್ಕಳಿಗೂ ಇರಲಿ ಅಂದಿತು. ಅಷ್ಟು ಕಷ್ಟಪಟ್ಟು ಮುಂಬಾಗಿಲಿಂದ ಹೊರಗೆ ಹಾಕಿದ ಭೇದವನ್ನ, ಪೆನ್ಸಿಲ್ ಟಿಕ್ ಹಾಕಿ ಹಿತ್ತಲ ಬಾಗಿಲಿಂದ ನಾವೇ ಒಳಗೆ ಕರ್ಕೊಳ್ತಾ ಇದೀವಾ ಅಂತ ನನಗೆ ಅನುಮಾನ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗಣಿತದಿಂದ ಶುರು ಮಾಡಿ ಎಲ್ಲ ವಿಷಯಗಳನ್ನೂ ಎರಡು ಹಂತಗಳಲ್ಲಿ ಕೊಡಬಹುದು ಅಂದಿದೆ. ಹಾಗಾಗಿ ಈ ಪ್ರಶ್ನೆ ಮುಂದೆ ಬೇರೆ ವಿಷಯಗಳಲ್ಲೂ ನಮ್ಮ ಮನೆ ಬಾಗಿಲಿಗೆ ಬಂದೇ ಬರುತ್ತೆ.

ಬೇಸಿಕ್ ತಗೊಂಡ್ರೆ ತಪ್ಪಾ?

ಖಂಡಿತ ತಪ್ಪಲ್ಲ. ನಮ್ಮ ಅಕ್ಕನ ಮಗ ಮೃದಂಗ ನುಡಿಸ್ತಾನೆ. ಅದರಲ್ಲೇ ಮುಂದೆ ಹೋಗ್ತೀನಿ ಅಂತ ಗಟ್ಟಿಯಾಗಿ ಹೇಳ್ದ. ಗಣಿತದ ಹಿಂದಿನ ರಾತ್ರಿ ಜ್ವರ ಬರ್ತಿದ್ದ ಹುಡುಗ. ಬೇಸಿಕ್ ತಗೊಂಡ, ನೆಮ್ಮದಿಯಾಗಿ ಪಾಸಾದ. (ತಾಳದ ಲೆಕ್ಕ ಹಾಕೋವಾಗ ಅವನಿಗೆ ಯಾವ ಜ್ವರವೂ ಬರಲ್ಲ ಅನ್ನೋದು ಬೇರೆ ಮಾತು!) ಅಲ್ಲಿ ತೀರ್ಮಾನ ಅವನದ್ದು, ಕಾರಣ ಅವನದ್ದು. ಡಿಸ್ಕ್ಯಾಲ್ಕುಲಿಯಾದಂಥ ನಿಜವಾದ ಕಲಿಕಾ ತೊಂದರೆ ಇರೋ ಮಕ್ಕಳಿಗೆ ಮಂಡಳಿಯಲ್ಲೇ ಬೇರೆ ವಿನಾಯಿತಿಗಳಿವೆ, ತಜ್ಞರಿಗೆ ತೋರಿಸಿ ಪ್ರಮಾಣಪತ್ರ ಪಡೆಯಬೇಕು. ಅಂಥ ಮಗುವನ್ನ ಹಟಕ್ಕೆ ಬಿದ್ದು ಸ್ಟ್ಯಾಂಡರ್ಡ್‌ಗೆ ತಳ್ಳೋದು ಕ್ರೌರ್ಯ.

ನನ್ನ ತಕರಾರು ಬೇರೆಯವರು ಹಾಕೋ ಟಿಕ್ ಬಗ್ಗೆ. ಶಾಲೆಗೆ ತನ್ನ ಫಲಿತಾಂಶದ ಚಿಂತೆ ಇರುತ್ತೆ. ಬೋರ್ಡಿನ ಮೇಲೆ ಬರೆಯೋ ಸರಾಸರಿ ಚೆನ್ನಾಗಿ ಬರಬೇಕು. ಎಲ್ಲ ಶಾಲೆಗಳೂ ಹೀಗೇ ಅಂತ ನಾನು ಹೇಳಲ್ಲ, ಮಗುವಿನ ಒಳ್ಳೇದಕ್ಕೇ ಹೇಳೋ ಟೀಚರ್‌ಗಳೂ ಇದಾರೆ. ಆದ್ರೆ ‘ಯಾಕೆ ಬೇಸಿಕ್ ಅಂತೀರಿ ಮೇಡಂ?’ ಅಂತ ಒಂದು ಸಲ ಕೇಳೋ ಹಕ್ಕು ನಮಗಿದೆ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಅಲ್ಲದೆ ಬೇರೆ ಕಾರಣ ಹೇಳ್ತಾರಾ ನೋಡಿ. ಮನೆಯಲ್ಲಿ ಗಂಡಸರು ಹೇಳಿದ್ರೆ, ‘ಮಗನಿಗೂ ಇದೇ ಮಾತು ಹೇಳ್ತಿದ್ರಾ?’ ಅಂತ ಕೇಳಿ. ಜಗಳ ಬೇಡ, ಕಾಫಿ ಕೊಡ್ತಾ ಕೇಳಿ. ಮತ್ತೆ, ಅಭ್ಯರ್ಥಿಗಳ ಪಟ್ಟಿ ಮಂಡಳಿಗೆ ಹೋಗೋದು ಹತ್ತನೇ ತರಗತಿಯ ಮೊದಲ ಅರ್ಧದಲ್ಲಿ. ಆಮೇಲೆ ಕಣ್ಣೀರು ಹಾಕಿದ್ರೆ ಪ್ರಯೋಜನ ಕಮ್ಮಿ. ಒಂಬತ್ತರ ಬೇಸಿಗೆ ರಜದಲ್ಲೇ ಉತ್ತರಪತ್ರಿಕೆ ಇಟ್ಟುಕೊಂಡು ಕೂತರೆ ಮೂರು ತಿಂಗಳು ಸಿಗುತ್ತೆ.

ಆ ಸಂಜೆ ಮೇಲಿನ ಮನೆಯಾಕೆ ಮಾತಿಲ್ಲದೆ ಎದ್ದು ಹೋದರು. ಬೇಜಾರು ಮಾಡ್ಕೊಂಡ್ರೇನೋ ಅಂತ ನನಗೆ ರಾತ್ರಿಯೆಲ್ಲ ಕಸಿವಿಸಿ. ಇನ್ನೊಬ್ಬರ ಮನೆ ವಿಷಯದಲ್ಲಿ ಮೂಗು ತೂರಿಸಿದೆನಾ ಅಂತ.

ಬೆಳಿಗ್ಗೆ ಏಳೂವರೆಗೆ ಬೆಲ್. ಯೂನಿಫಾರ್ಮ್ ಹಾಕಿಕೊಂಡ ಹುಡುಗಿ. ಒಂದು ಕೈಯಲ್ಲಿ ನಿನ್ನೆಯ ಅದೇ ಖಾಲಿ ಬಟ್ಟಲು, ಇನ್ನೊಂದರಲ್ಲಿ ಅದೇ ಕಾಗದ. ‘ಅಮ್ಮ ನಿನ್ನೆ ಹೆಪ್ಪು ಮರೆತೇ ಹೋದ್ಲಂತೆ. ಅಪ್ಪನ ಹತ್ರ ರಾತ್ರಿ ಒಂದು ಗಂಟೆವರೆಗೆ ಮಾತಾಡಿದಾಳೆ. ಶನಿವಾರ ಮಧ್ಯಾಹ್ನ ನಿಮ್ಮನೆಗೆ ಬರಬಹುದಾ ಅಂತ ಕೇಳೋಕೆ ಹೇಳಿದ್ಲು.’

ಬಾ ಅಂದೆ. ಬಟ್ಟಲಿಗೆ ಎರಡು ಚಮಚ ಮೊಸರು ಹಾಕಿಕೊಟ್ಟೆ. ಕಾಗದದ ಕೆಳಗೆ ಅಮ್ಮನ ಸಹಿ ಇತ್ತು. ಮೇಲಿನ ಎರಡು ಚೌಕಗಳಲ್ಲಿ ಒಂದರಲ್ಲಿ ಆ ಪೆನ್ಸಿಲ್ ಗುರುತು ಇನ್ನೂ ಹಾಗೇ ಇತ್ತು.

ಹುಡುಗಿ ಹೋಗದೆ ಅಲ್ಲೇ ನಿಂತಳು. ‘ಆಂಟಿ, ನಿಮ್ಮ ಹತ್ರ ರಬ್ಬರ್ ಇದ್ಯಾ?’